ಕೆಂಪಿ ಸಾರಿಸಿದ ನೆಲ

ಸಗಣಿಗೆ ಇದ್ದಿಲ ಪುಡಿ ಕಲಸಿ ಸಾರಿಸಿದ ನೆಲದ ವಾಸನೆ ನನಗೆ ಆಗಿಬರುವುದಿಲ್ಲ. ಹಾಗಂತ ಅದು ಕೆಟ್ಟ ವಾಸನೆಯೇನಲ್ಲ. ಅಂಥ ನೆಲದ ಮೇಲೇ ಅಂಬೆಗಾಲಿಟ್ಟು ಬೆಳೆದವಳು ನಾನು. ಆದರೂ ಎಲ್ಲಾದರೂ ಆ ವಾಸನೆ ಬಂದರೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದುಬಿಡುತ್ತೇನೆ. ಈಗ ಎಲ್ಲರ ಮನೆಯಲ್ಲೂ ಟೈಲ್ಸು ಬಂದಿದೆ, ಸದ್ಯ ಬಚಾವಾದೆ ಅಂದುಕೊಂಡಿದ್ದೆ. ಹೋದ ತಿಂಗಳು ಕೆಂಪಕ್ಕ ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ಮಾನಂದವಾಡಿಯಿಂದ ಬಸ್ಸು ಹಿಡಿದು ತೋಲ್ಪೆಟ್ಟಿಯ ಕಾಲೊನಿಗೆ ಹೋದೆ. ಅವಳ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೇ ಅದೇ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕಾಲಿಡಲು ಆಗದೆ ಜಗಲಿಯ ಮೇಲೇ ಕೂತುಬಿಟ್ಟೆ. ಅವಳ ಮಗಳು ಸರೋಜ ನೀರು ತಂದುಕೊಟ್ಟಳು. ಬಿಸಿಲಿಗೆ ತಲೆ ಸುತ್ತಿತೇನೋ ಅಂದುಕೊಂಡಳು ಪಾಪ.

ಕೆಂಪಕ್ಕ ನನಗೆ ನೆಂಟಳಲ್ಲ. ಅವಳು ಕಾಡಿನ ಹಾಡಿಯವಳು. ನಾವು ಎಚ್.ಡಿ. ಕೋಟೆ ಕಡೆಯಿಂದ ಬಂದು ತೋಲ್ಪೆಟ್ಟಿಯಲ್ಲಿ ಚಹಾದಂಗಡಿ ಇಟ್ಟವರು. ನಮ್ಮಿಬ್ಬರನ್ನು ಒಂದು ಕಡೆ ಸೇರಿಸಿದ್ದು ಒಂದೇ ಒಂದು ಬೇಸಿಗೆಯ ಕೆಲಸ.

ಆಗ ವಯನಾಡು ಹೊಸದಾಗಿ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ ಎಂದರೆ ಹೊಸ ಸೊಸೆ ಬಂದ ಹಾಗೆ, ಎಲ್ಲವನ್ನೂ ಒಟ್ಟಿಗೇ ಮಾಡಿ ತೋರಿಸಿಬಿಡುವ ಆತುರ. ಅಪ್ಪನ ಅಂಗಡಿಗೆ ದಿನಕ್ಕೊಂದು ಜೀಪು ಬಂದು ನಿಲ್ಲುತ್ತಿತ್ತು. ಕಾಡಿನೊಳಗಿದ್ದ ಹಾಡಿಯನ್ನು ಅದರ ಹಿಂದಿನ ವರ್ಷವೇ ಎಬ್ಬಿಸಿ ರಸ್ತೆ ಪಕ್ಕದ ಇಳಿಜಾರಿಗೆ ತಂದಿದ್ದರು. ಎಲ್ಲರಿಗೂ ಮನೆ ಕಟ್ಟಿಕೊಡುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಎಂದು ಕೊಟ್ಟದ್ದು ಬಿದಿರಿನ ಗಳ ಮತ್ತು ಕಪ್ಪು ಪ್ಲಾಸ್ಟಿಕ್ಕು. ಮಳೆ ಶುರುವಾದ ಮೇಲೆ ಆ ಶೆಡ್ಡುಗಳ ಒಳಗೇ ನೀರು ಹರಿಯಿತು. ಕೆಂಪಕ್ಕನ ಚೊಚ್ಚಲ ಮಗು, ಇನ್ನೂ ಹಾಲು ಕುಡಿಯುವ ಗಂಡು ಕೂಸು, ಅಲ್ಲಿಯೇ ಕೆಮ್ಮಿ ಕೆಮ್ಮಿ ಹೋಯಿತು. ನನಗೆ ಅವಳ ಪರಿಚಯವಾಗುವಾಗ ಅವಳು ಮತ್ತೆ ಬಸುರಿ. ಹೆರಿಗೆ ಮತ್ತೆ ಮಳೆಗಾಲದ ನಟ್ಟನಡುವೆಯೇ. ಅದಕ್ಕೆ ಮೊದಲು ತಲೆಯ ಮೇಲೊಂದು ಸೂರು ಬೇಕು, ಅಷ್ಟೇ ಅವಳ ಲೆಕ್ಕ. ಬೇರೆ ಯಾವ ಮಾತಾಡಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದಳು.

ಮನೆಗಳಿಗೆಂದು ಗುರುತು ಮಾಡಿದ ದಿಬ್ಬವನ್ನು ಕಂಟ್ರಾಕ್ಟರು ಸಮ ಮಾಡಿಸುತ್ತಿದ್ದ. ಮೇಲಿನ ಮಣ್ಣು ಎಳೆದ ಮೇಲೆ ಒಂದು ಕಡೆ ಗುದ್ದಲಿಗೆ ಗಟ್ಟಿಯಾಗಿ ಬಡಿದು ಕೂರಿಸಿದ ನೆಲ ಸಿಕ್ಕಿತು. ದುಂಡಗಿನ ನೆಲ, ಸುತ್ತ ಕಂಬ ಹೂತಿದ್ದ ಗುಳಿಗಳು, ನಡುವೆ ಒಲೆಯ ಗುಂಡಿ. ಸುದ್ದಿ ಜೀಪಿನವರಿಗೆ ಮುಟ್ಟಿ, ಅವರಿಂದ ಮೇಲಕ್ಕೆ ಹೋಗಿ, ಕೆಲಸ ನಿಂತುಹೋಯಿತು. ಕೋಳಿಕ್ಕೋಡಿನಿಂದ ದಾಮೋದರನ್ ಸಾರ್ ಬಂದರು. ಹಳೆಯ ಕಾಲದ್ದನ್ನು ಅಗೆದು ನೋಡುವುದೇ ಅವರ ಉದ್ಯೋಗ. ಏಪ್ರಿಲಿನ ವಿಷು ಹಬ್ಬ ಕಳೆದು ಸ್ವಲ್ಪ ದಿನದವರೆಗೆ ಅವರಿಗೆ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಅದು ಯಾವ ಕಾಲದ್ದು ಎಂದು ಹೇಳಬೇಕು. ಹಳೆಯದಾದರೆ ಬೇಲಿ ಹಾಕಿ ಕಾಯುತ್ತಾರೆ, ಅಲ್ಲವಾದರೆ ಅದರ ಮೇಲೆ ಮನೆ ಏಳುತ್ತದೆ.

ಅಗೆಯಲು ಹಾಡಿಯವರನ್ನೇ ಕೂಲಿಗೆ ಇಟ್ಟುಕೊಂಡರು. ಸಾರ್‌ಗೆ ಮಲಯಾಳ ಬಿಟ್ಟರೆ ಇಂಗ್ಲಿಷು. ಹಾಡಿಯ ಹೆಂಗಸರ ಮಾತು ಕನ್ನಡ, ಮಲಯಾಳ ಸಂತೆಗೆ ಬೇಕಾದಷ್ಟು ಮಾತ್ರ. ಹತ್ತನೇ ಕ್ಲಾಸು ಮುಗಿಸಿ ಅಪ್ಪನ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ ನನ್ನನ್ನು ನಡುವೆ ನಿಂತು ಮಾತು ದಾಟಿಸಲು ಕರೆದರು. ಲೋಟ ತೊಳೆಯುವುದು ತಪ್ಪುತ್ತದಲ್ಲ ಎಂದು ಕುಣಿಯುತ್ತಾ ಹೋದೆ.

ದಾಮೋದರನ್ ಸಾರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಕೆಲಸದವರನ್ನು ಗದರಿದವರಲ್ಲ. ಮಧ್ಯಾಹ್ನ ಎಲ್ಲರೊಟ್ಟಿಗೆ ಮರದಡಿ ಕೂತು ಗಂಜಿ ಕುಡಿಯುತ್ತಿದ್ದರು. ಬರಿಯ ಗುಳಿ ನೋಡಿ ಮನೆ ಕಾಣುವ ಕಣ್ಣು ಅವರದು. "ಇದು ವೀಡು, ಮನೆ. ಇಲ್ಲಿ ಬಾಗಿಲು. ಇಲ್ಲಿ ಮಲಗುತ್ತಿದ್ದರು. ಈ ಕಡೆ ಗಾಳಿ ಬರುತ್ತದೆ, ಅದಕ್ಕೇ ಒಲೆ ಆ ಕಡೆಗಿದೆ" ಎಂದು ದಿನಾ ಹೇಳುವರು. ನೆಲಕ್ಕೆ ಪೆಟ್ಟಾಗುತ್ತದೆಂದು ಯಾರೂ ಚಪ್ಪಲಿ ಹಾಕಿ ಒಳಗೆ ಬರುವ ಹಾಗಿರಲಿಲ್ಲ. ಗುಳಿಗಳ ಮೇಲೆ ಹಾದು ಬರುವ ಹಾಗಿಲ್ಲ, ಬಾಗಿಲೆಂದು ಗುರುತು ಮಾಡಿದ ಕಡೆಯಿಂದಲೇ ಬರಬೇಕು. ಒಲೆ ದಾಟಿದರಂತೂ ಅವರ ಜೀವ ಹೋದ ಹಾಗೆ. ನಮಗೆ ಇದ್ಯಾವುದೂ ವಿಚಿತ್ರ ಅನಿಸಲಿಲ್ಲ. ಯಾರ ಮನೆಗೆ ಹೋದರೂ ನಾವು ನಡೆದುಕೊಳ್ಳುವುದು ಹಾಗೇ ಅಲ್ಲವೇ?

ಆ ಮನೆಯಲ್ಲಿ ಬೇರೇನೂ ಸಿಗಲಿಲ್ಲ. ಒಂದು ಬೋಕಿಬಿಲ್ಲೆ ಇಲ್ಲ, ಮಣಿ ಇಲ್ಲ, ಕಬ್ಬಿಣದ ಚೂರಿಲ್ಲ. ಇದ್ದವರು ಹೋಗುವಾಗ ಗುಡಿಸಿ ಹೋದ ಹಾಗಿತ್ತು. ಸಿಕ್ಕಿದ್ದು ಒಲೆಯ ತಳದ ಇದ್ದಿಲು ಮಾತ್ರ. ಆ ಇದ್ದಿಲನ್ನು ಬೇರೆ ಯಾವ ಮಸಿಯೂ ತಾಗದ ಹಾಗೆ ತೆಗೆದು ದೂರದ ಊರಿಗೆ ಕಳಿಸಿದರೆ ಅದರ ವಯಸ್ಸು ಹೇಳುತ್ತಾರಂತೆ. ತೆಗೆದಿಡಲು ಬೇಕಾದ ಡಬ್ಬಿ, ಹಾಳೆ ಇನ್ನೂ ಬರಬೇಕಿತ್ತು. ಅಲ್ಲಿಯವರೆಗೆ ಒಲೆ ಮುಟ್ಟಬೇಡಿ ಎಂದರು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಹೆಂಗಸರು ತಲೆಯಾಡಿಸಿದರು.

ಅವತ್ತು ಗಂಜಿ ಕುಡಿಯುವಾಗ ಕೆಂಪಕ್ಕ ನನ್ನ ಪಕ್ಕ ಬಂದು ಕೂತಳು.

"ಕೂಸು, ಆ ಇದ್ಲು ಹಳೇದು ಅಂತಂದ್ರೆ ನಮ್ಮನೆ ಗತಿ ಏನು ಅಂತ ಕೇಳು."

ಕೇಳಿದೆ. ಸಾರ್ ಗಂಜಿಯ ಬಟ್ಟಲು ಕೆಳಗಿಟ್ಟು, ನಿಧಾನವಾಗಿ, ಬೇರೆ ಜಾಗ ನೋಡಿ ಕಟ್ಟಿಕೊಡುತ್ತಾರೆ ಎಂದರು.

"ಬೇರೆ ಜಾಗ ನೋಡೋರ್ಗೆ ಇನ್ನೆಷ್ಟು ಮಳೆಗಾಲ ಬೇಕಾಯ್ತದೆ ಅಂತ ಕೇಳು."

ಅದನ್ನೂ ಕೇಳಿದೆ. ಸಾರ್ ಅವಳ ಹೊಟ್ಟೆ ನೋಡಿ ಮುಖ ತಿರುಗಿಸಿದರು. ಅದು ಹಳೆಯದಾಗಿರಲಿ ಎಂದು ಅವರಿಗೆ ಎಷ್ಟು ಆಸೆಯಿತ್ತೋ, ಹೊಸದಾಗಿರಲಿ ಎಂದು ಹಾಡಿಗೆ ಅಷ್ಟೇ ಆಸೆಯಿತ್ತು. ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಮಾರನೆಯ ದಿನ ಕೆಂಪಕ್ಕ ಎಂದಿನಂತೆ ಮಂಡಿಯೂರಿ ಕೂತು, ತೆಂಗಿನ ನಾರಿನ ಕುಂಚದಲ್ಲಿ ಆ ನೆಲದ ದೂಳನ್ನು ಮಗುವಿನ ಮೈ ಒರೆಸುವ ಹಾಗೆ ಒರೆಸುತ್ತಿದ್ದಳು. ಅವಳಷ್ಟು ಹಗುರ ಕೈ ಇನ್ನಾರಿಗೂ ಇರಲಿಲ್ಲ. ಸಾರ್ ಕೂಡ ಒಲೆಯ ಹತ್ತಿರ ಅವಳನ್ನೇ ಕೂರಿಸುತ್ತಿದ್ದರು.

ವಿಷು ಹತ್ತಿರ ಬಂದ ಹಾಗೆ ಬಿಸಿಲು ಏರಿತು. ಎಷ್ಟೋ ಕಾಲ ಮಣ್ಣಿನಡಿ ತಂಪಾಗಿದ್ದ ನೆಲ ಗಾಳಿ ಬಿಸಿಲಿಗೆ ಬಿರಿಯತೊಡಗಿತು. ಸಾರ್ ಒದ್ದೆ ಗೋಣಿ ಹೊದಿಸಿದರು. ಸೋಗೆಯ ಚಪ್ಪರ ಹಾಕಿಸಿದರು. ಆದರೂ ಬಿರುಕು ನಿಲ್ಲಲಿಲ್ಲ. ದಿನಾ ಬಂದೊಡನೆ ಬಿರುಕು ನೋಡಿ, "ಅಯ್ಯೋ, ನೆಲ ಹೋಯಿತು, ನೆಲ ಹೋಯಿತು" ಎಂದು ಕೈ ಹಿಸುಕಿಕೊಳ್ಳುವರು. ನಾನು ಅದನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ. ಕೆಂಪಕ್ಕ ಬಿರುಕಿನ ಮೇಲೆ ಬೆರಳಾಡಿಸುತ್ತಿದ್ದಳು.

ವಿಷುವಿಗೆ ಕೆಲಸಕ್ಕೆ ರಜೆ. ಸಾರ್ ಊರಿಗೆ ಹೋದರು. ಬರುವಾಗ ಡಬ್ಬಿಗಳನ್ನು ತಂದು ಇದ್ದಿಲು ತೆಗೆಯುವುದು ಎಂದಿದ್ದರು. ಕಾವಲಿನವನೂ ಮನೆಗೆ ಹೋದ.

ಹಬ್ಬದ ಬೆಳಿಗ್ಗೆ ಅವ್ವ ನನ್ನನ್ನು ಕೊನ್ನೆ ಹೂ, ಅದೇ ನಮ್ಮ ಕಕ್ಕೆ ಹೂ, ತರಲು ಅಟ್ಟಿದಳು. ಮರ ಇದ್ದದ್ದು ಆ ದಿಬ್ಬದ ಮೇಲೆಯೇ. ಹತ್ತುತ್ತಿದ್ದ ಹಾಗೆ ವಾಸನೆ ಬಂತು. ಚಪ್ಪರದಡಿ ಕೆಂಪಕ್ಕ ಮಂಡಿಯೂರಿ ಹಿಂದೆ ಹಿಂದೆ ಸರಿಯುತ್ತಾ ಬಾಗಿಲ ಹತ್ತಿರದ ಕೊನೆಯ ಮೂಲೆಗೆ ಬಂದಿದ್ದಳು. ಇಡೀ ನೆಲ ಕರ್ರಗೆ ಮಿರಮಿರ ಮಿಂಚುತ್ತಿತ್ತು. ಒಂದು ಬಿರುಕಿಲ್ಲ. ಒಲೆಯ ಸುತ್ತ ಅಕ್ಕಿ ಹಿಟ್ಟಿನ ಗೆರೆ, ಒಲೆಯ ಮೇಲೆ ಒಂದು ಗೊಂಚಲು ಕೊನ್ನೆ ಹೂ. ಅವಳ ತಲೆಗೂದಲು ಇನ್ನೂ ಒದ್ದೆ. ನನ್ನನ್ನು ಕಂಡು ನಕ್ಕಳು.

"ನೋಡು ಕೂಸು, ಹೆಂಗದೆ? ಈಗ ಮನೆ ಅನ್ಸ್ತದಲ್ವಾ?"

ಅಷ್ಟು ಹಗುರವಾದ ಮುಖ ಆ ಬೇಸಿಗೆಯಲ್ಲಿ ಯಾರದ್ದೂ ನೋಡಿರಲಿಲ್ಲ ನಾನು. ಒಲೆಯೊಳಗಿದ್ದ ಇದ್ದಿಲು ಎಲ್ಲಿ ಎಂದು ಕೇಳಿದೆ. ಹಬ್ಬದ ದಿನ ಒಲೆ ಬರಿದು ಮಾಡದೆ ಇರುತ್ತಾರಾ ಎಂದಳು. ಅದನ್ನು ಕೆರೆದು ತೆಗೆದು, ತನ್ನ ಶೆಡ್ಡಿನ ಒಲೆಯ ಇದ್ದಿಲ ಜೊತೆ ಸೇರಿಸಿ ಕುಟ್ಟಿ, ಸಗಣಿಗೆ ಕಲಸಿದ್ದಳು. ಕಪ್ಪು ಚೆನ್ನಾಗಿ ಬಂದಿದೆ ನೋಡು ಎಂದಳು. ನಿಜ, ಚೆನ್ನಾಗಿಯೇ ಬಂದಿತ್ತು. ನಾನು ಹೂ ಕೀಳುವುದನ್ನೂ ಮರೆತು ಮನೆಗೆ ಓಡಿದೆ.

ಎರಡು ದಿನ ಬಿಟ್ಟು ಮೊದಲ ಬಸ್ಸಿಗೆ ಸಾರ್ ಬಂದರು. ಕಂಕುಳಲ್ಲಿ ಡಬ್ಬಿಯ ಕಟ್ಟು. ದಾರಿಯಲ್ಲೇ ತಡೆದು ಹೇಳೋಣ ಎಂದು ಹೋದವಳು ಆ ಕಟ್ಟು ನೋಡಿ ಅವರ ಹಿಂದೆ ಹಿಂದೆ ನಡೆದೆ. ಅವರು ದಿಬ್ಬ ಹತ್ತಿ ನೋಡಿದರು. ಕೂಗಾಡಲಿಲ್ಲ. ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಕ್ಕಿ ಹಿಟ್ಟಿನ ಗೆರೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಕೆಂಪಕ್ಕನನ್ನು ಕರೆಸಿದರು.

"ಯಾಕೆ ಹೀಗೆ ಮಾಡಿದಳು, ಕೇಳು."

ಕೆಂಪಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಮುಖ, ಅವರ ಮುಖ ನೋಡಿದಳು. "ನೆಲ ಬಿರಿತಿತ್ತಲ್ಲ, ಇವ್ರೇ ದಿನಾ ಗೋಳಾಡ್ತಿದ್ರಲ್ಲ. ಮನೆ ಅಂತ ಇವ್ರೇ ಹೇಳಿದ್ದು. ಮನೆ ಅಲ್ವಾ? ಹಬ್ಬದ ದಿನ ಬಿರ್ದ ನೆಲ ಹಂಗೇ ಬುಡಾಕಾಯ್ತದಾ? ನನ್ನ ಶೆಡ್ಡಲ್ಲಿ ಸಾರ್ಸಾಕೆ ನೆಲ ಎಲ್ಲದೆ?"

"ಒಲೆ ಮುಟ್ಟಬೇಡಿ ಎಂದಿದ್ದೆನಲ್ಲ?"

"ಮಿಂದೇ ಮುಟ್ಟಿದ್ದು. ಮೈಲಿಗೇಲಿ ಮುಟ್ನಿಲ್ಲ. ಸತ್ಯವಾಗಿ."

ನಾನು ಒಂದು ಅಕ್ಷರ ಬಿಡದೆ ಮಲಯಾಳದಲ್ಲಿ ಹೇಳಿದೆ. ನಮ್ಮ ಅವ್ವ ಕೂಡ ದಿನಾ ಒಲೆ ಮುಟ್ಟಬೇಡ ಎನ್ನುತ್ತಾಳೆ, ಮೀಯದೆ ಮುಟ್ಟಬೇಡ ಎಂದೇ ಅದರ ಅರ್ಥ, ಎಂದು ನನ್ನ ಮಾತನ್ನೂ ಸೇರಿಸಿದೆ. ಸಾರ್ ಕೇಳಿಸಿಕೊಂಡರು. ಕೇಳಿಸಿಕೊಂಡು, ಅವಳ ಹೊಟ್ಟೆಯನ್ನೇ ನೋಡುತ್ತಾ, "ಇದನ್ನು ಅವಳಿಗೆ ಯಾರು ಹೇಳಿಕೊಟ್ಟರು?" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಲಿಲ್ಲ. ಆದರೆ ಕೆಂಪಕ್ಕನಿಗೆ ಅಷ್ಟು ಮಲಯಾಳ ಬರುತ್ತಿತ್ತು. ಅವಳ ಮುಖ ಹಾಗೇ ಇಳಿದುಹೋಯಿತು.

ಹೊಸ ಇದ್ದಿಲೂ ಹಳೆಯ ಇದ್ದಿಲೂ ಕೂಡಿದ ಮೇಲೆ ಬೇರ್ಪಡಿಸಲು ಆಗುವುದಿಲ್ಲವಂತೆ. ಅದರ ಕಾಲ ಇನ್ನು ಯಾರಿಗೂ ತಿಳಿಯುವುದಿಲ್ಲ ಎಂದರು ಸಾರ್. ಕಾಲ ಗೊತ್ತಿಲ್ಲದ್ದಕ್ಕೆ ಯಾರು ಬೇಲಿ ಹಾಕುತ್ತಾರೆ? ಕಂಬದ ಗುಳಿಗಳನ್ನು ಅಳೆದು, ಚಿತ್ರ ಬರೆದುಕೊಂಡು, ಗಡುವಿಗೂ ಮುಂಚೆಯೇ ಅವರು ಗಂಟುಮೂಟೆ ಕಟ್ಟಿದರು.

ಬೈದಿದ್ದರೆ ಕೆಂಪಕ್ಕ ತಡೆದುಕೊಳ್ಳುತ್ತಿದ್ದಳು. ಆದದ್ದು ಅದಕ್ಕಿಂತ ಕೆಟ್ಟದ್ದು. ಎಲ್ಲರೂ ಅವಳನ್ನು ಹೊಗಳತೊಡಗಿದರು. ಕಂಟ್ರಾಕ್ಟರು ಅಪ್ಪನ ಅಂಗಡಿಯಲ್ಲಿ ತೊಡೆ ತಟ್ಟಿಕೊಂಡು ನಕ್ಕ. ಓದಿದವರನ್ನೇ ಸಗಣಿಯಲ್ಲಿ ಜಾರಿಸಿದಳು, ಮೊದಲ ಮನೆ ಅವಳಿಗೇ ಎಂದ. ಹಾಡಿಯ ಗಂಡಸರು ಅವಳು ನಡೆದು ಬಂದರೆ ದಾರಿ ಬಿಡತೊಡಗಿದರು. ಅವಳ ಗಂಡ ಮಾರನಂತೂ ಶೇಂದಿ ಅಂಗಡಿಯಲ್ಲಿ, ಈ ಉಪಾಯ ತಾವಿಬ್ಬರೂ ಕೂತು ಮಾಡಿದ್ದು ಎಂದು ಜಂಬ ಕೊಚ್ಚಿದ. ಅವತ್ತು ಅವಳು ಅವನಿಗೆ ಗಂಜಿ ಹಾಕಲಿಲ್ಲ. ಬಹಳ ದಿನ ಅವನ ಹತ್ತಿರ ಮಾತೂ ಬಿಟ್ಟಳು.

"ನಾ ಬೇಕಂತ ಮಾಡ್ನಿಲ್ಲ ಕಣಣ್ಣ," ಎಂದು ಅಪ್ಪನ ಹತ್ತಿರವೂ ಬಂದು ಹೇಳಿದಳು. ಅಪ್ಪ ಚಹಾ ಸೋಸುತ್ತಾ, "ಆಯ್ತು ಬುಡು ಕೆಂಪಿ, ಒಳ್ಳೇದೇ ಆಯ್ತಲ್ಲ" ಎಂದ. ಎಲ್ಲರದ್ದೂ ಅದೇ ಮಾತು.

ಸಾರ್ ಹೊರಡುವ ದಿನ ಅವಳು ನನ್ನ ಕೈ ಹಿಡಿದು ಬಸ್ ಸ್ಟಾಪಿಗೆ ಎಳೆದುಕೊಂಡು ಬಂದಳು. ಇನ್ನೊಂದು ಸಲ ಹೇಳು ಎಂದಳು. ನಾನು ಹೇಳುವ ಮೊದಲೇ ಸಾರ್ ಬಸ್ಸಿನ ಕಿಟಕಿಯಿಂದ ಬಾಗಿ, ಬಹಳ ಮೃದುವಾಗಿ, "ಪರವಾಗಿಲ್ಲ ಅಂತ ಹೇಳು. ನನಗೆ ಬೇಜಾರಿಲ್ಲ. ಅವಳಿಗೂ ಮನೆ ಬೇಕಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯವರು ಎಂದೆನಲ್ಲ, ಹಾಗೇ ಇದ್ದರು. ಕೆಂಪಕ್ಕ ನನ್ನ ಕೈ ಬಿಟ್ಟಳು.

"ನಾ ಮಾಪಿ ಕೇಳಾಕೆ ಬರ್ಲಿಲ್ಲ, ಕೂಸು. ಅವ್ರಿಗೆ ಅದ ಹೇಳು."

ಬಸ್ಸು ಹೊರಟಿತ್ತು. ನಾನು ಹಿಂದೆ ಓಡಿ ಮಲಯಾಳದಲ್ಲಿ ಕೂಗಿದೆ. ಅವರು ಬೀಳ್ಕೊಡಲು ಓಡಿ ಬರುತ್ತಿದ್ದೇನೆ ಅಂದುಕೊಂಡು ಕೈ ಬೀಸಿದರು. ಆಮೇಲೆ ಅವರು ಈ ಕಡೆ ಬರಲಿಲ್ಲ.

ಮೊದಲ ಮನೆ ಎಲ್ಲಿ ಬೇಕು ಎಂದು ಕಂಟ್ರಾಕ್ಟರು ಕೇಳಿದಾಗ ಕೆಂಪಕ್ಕ ಆ ನೆಲವನ್ನೇ ತೋರಿಸಿದಳು. ಒಳಮನೆ ಸರಿಯಾಗಿ ಅದರ ಮೇಲೆಯೇ ಬರಬೇಕು, ಮಣ್ಣು ತುಂಬಬಾರದು ಎಂದಳು. ತುಂಬುವ ಮಣ್ಣು ಉಳಿಯಿತಲ್ಲ ಎಂದು ಅವನು ಖುಷಿಯಿಂದ ಒಪ್ಪಿದ. ಅದಕ್ಕೇ ಆ ಮನೆಯಲ್ಲಿ ಒಳಕೋಣೆಗೆ ಒಂದು ಮೆಟ್ಟಿಲು ಇಳಿದು ಹೋಗಬೇಕು. ಹೆಂಚು ಹೊದಿಸಿ ಮುಗಿಸುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಸರೋಜ ಹುಟ್ಟಿದ್ದು ಆ ಕೋಣೆಯಲ್ಲಿ, ಆ ಒಲೆಯ ಪಕ್ಕದಲ್ಲಿ. ಹೊರಗೆ ಮಳೆ ಜಡಿದು ಹೊಯ್ಯುತ್ತಿತ್ತು, ಒಳಗೆ ಒಂದು ಹನಿ ಸೋರಲಿಲ್ಲ. ಅವ್ವ ಕೊಟ್ಟ ಬಾಣಂತಿ ಖಾರ ತೆಗೆದುಕೊಂಡು ಹೋದಾಗ ನೋಡಿದೆ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನೆಲವನ್ನೇ ದಿಟ್ಟಿಸುತ್ತಾ ಕೂತಿದ್ದಳು. ಬೇಕು ಎಂದದ್ದೆಲ್ಲ ಸಿಕ್ಕಿತ್ತು. ಸುಖ ಮಾತ್ರ ಮುಖದಲ್ಲಿ ಇರಲಿಲ್ಲ.

ಆಮೇಲೆ ಕಾಲೊನಿಗೆ ಸಿಮೆಂಟು ನೆಲ ಹಾಕಲು ಬಂದರು. ಅವಳು ಒಳಕೋಣೆಗೆ ಹಾಕಿಸಲಿಲ್ಲ. ಟೈಲ್ಸಿನವರು ಬಂದರು, ಅವರನ್ನೂ ವಾಪಸು ಕಳಿಸಿದಳು. ಒಲೆಯಲ್ಲಿ ಒಂದು ದಿನವೂ ಅನ್ನ ಬೇಯಿಸಲಿಲ್ಲ. ವಿಷುವಿಗೆ, ಯುಗಾದಿಗೆ, ಬಿರುಕು ಕಂಡಾಗೆಲ್ಲ ಸಾರಿಸುತ್ತಿದ್ದಳು ಅಷ್ಟೇ. ನಾನು ಮದುವೆಯಾಗಿ ಮಾನಂದವಾಡಿಗೆ ಬಂದ ಮೇಲೆ ಎಲ್ಲಾದರೂ ಸಂತೆಯಲ್ಲಿ ಸಿಕ್ಕರೆ ಮಾತಿನ ಕೊನೆಗೆ ಕೇಳುವಳು, "ಆ ಸಾರು ಎಲ್ಲಾದ್ರೂ ಕಂಡ್ರಾ?" ಎಂದು. ಇಲ್ಲ ಎನ್ನುತ್ತಿದ್ದೆ. ಅವರು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೂ ಇಲ್ಲ ಎಂದೇ ಹೇಳಿದೆ.

ಹೋದ ತಿಂಗಳು ಜಗಲಿಯ ಮೇಲೆ ಕೂತು ನಾನು ಇದನ್ನೆಲ್ಲ ನೆನೆಸುತ್ತಿದ್ದರೆ, ಸರೋಜ ಪಕ್ಕ ಬಂದು ಕೂತಳು. ಮಲಯಾಳದ ಶಾಲೆಯಲ್ಲಿ ಓದಿದವಳು, ನನ್ನನ್ನು ಅಕ್ಕ ಎನ್ನುವುದಿಲ್ಲ, ಚೇಚಿ ಎನ್ನುತ್ತಾಳೆ. ಅವಳಿಗೂ ಈಗ ತಲೆ ನೆರೆತಿದೆ. ತಗ್ಗಿದ ದನಿಯಲ್ಲಿ ಕೇಳಿದಳು.

"ಚೇಚಿ, ಮಣ್ಣು ಮಾಡಿದ ದಿನ ಇಲ್ಲಿ ಹಿರೀಕ್ರೆಲ್ಲ ಒಂದೇ ಮಾತು. ಕೆಂಪಿ ಅವತ್ತು ಉಪಾಯ ಮಾಡದೆ ಇದ್ದಿದ್ರೆ ನಮಗೆ ಈ ಕಾಲೊನಿನೇ ಇಲ್ಲ ಅಂತ. ಹೊಗಳಿಕೆ ಅಂತಲೇ ಹೇಳಿದ್ರು. ಅವ್ವ ಸಾಯೋತನಕ ಇಲ್ಲ, ನಾ ಬೇಕಂತ ಮಾಡ್ನಿಲ್ಲ ಅಂತಿದ್ಲು. ನೀ ಅವತ್ತು ಇದ್ದೆಯಲ್ಲ, ನಿಜ ಹೇಳು. ಬೇಕಂತ ಮಾಡಿದ್ಲಾ?"

ಹೆತ್ತ ಮಗಳೂ ನಂಬಿಲ್ಲವಲ್ಲ ಎಂದು ಕೆಂಪಕ್ಕನಿಗಾಗಿ ಹೊಟ್ಟೆ ಉರಿಯಿತು. ಇಲ್ಲಮ್ಮಾ ಎಂದು ಹೇಳಬಹುದಿತ್ತು. ಆದರೆ ಕೆಂಪಕ್ಕನೇ ಜೀವಮಾನವೆಲ್ಲ ಇಲ್ಲ ಎಂದು ಹೇಳಿದ್ದಳು, ಅದರಿಂದ ಏನಾಯಿತು? ಸರೋಜಳ ಕೈ ನೋಡಿದೆ. ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು.

"ಬೆಳಿಗ್ಗೆ ಒಳಕೋಣೆ ನೀನೇ ಸಾರಿಸಿದೆಯಾ?"

"ಹೂಂ."

"ಯಾಕೆ ಸಾರಿಸಿದೆ?"

"ಯಾಕೆ ಅಂದ್ರೆ?" ನಾನು ಏನೋ ತಮಾಷೆ ಮಾಡುತ್ತಿದ್ದೇನೆ ಎಂಬಂತೆ ನೋಡಿದಳು. "ಅವ್ವ ಮಲಗಿದಾಗಿಂದ ಯಾರೂ ನೋಡ್ದೆ ಬಿರ್ದೋಗಿತ್ತು. ಮನೆ ಅಲ್ವಾ ಚೇಚಿ? ಬಿರ್ದ ನೆಲ ಹಂಗೇ ಬುಡಾಕಾಯ್ತದಾ?"

"ನಿಮ್ಮವ್ವ ಅವತ್ತು ಸಾರ್‌ಗೆ ಹೇಳಿದ್ದು ಇದನ್ನೇ," ಎಂದೆ. "ಇದೇ ಮಾತು. ನಾನೇ ಅವರಿಗೆ ಮಲಯಾಳದಲ್ಲಿ ಹೇಳಿದೆ. ಅವರು ನಂಬಲಿಲ್ಲ."

ಸರೋಜ ತನ್ನ ಕಪ್ಪಾದ ಉಗುರುಗಳನ್ನು ನೋಡಿಕೊಂಡಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಾಯಿ ಹೋದ ದಿನ ಅವಳು ಇಷ್ಟು ಅತ್ತಿರಲಾರಳು. ನಾನು ಬೆನ್ನು ಸವರುತ್ತಾ ಕೂತೆ. ಅವಳ ಅಳು ತಗ್ಗಿದ ಮೇಲೆ ಎದ್ದು ಅಂಗಳಕ್ಕೆ ಇಳಿದು, ತೊಟ್ಟಿಯ ನೀರಲ್ಲಿ ಕಾಲು ತೊಳೆದುಕೊಂಡು ಬಂದು, ಒಳಕೋಣೆಯ ಆ ಒಂದು ಮೆಟ್ಟಿಲು ಇಳಿದೆ.